ಎಲ್ಲರೂ ಐದು ಹಾಕಿದಾಗ

“ಉಸಿರು ಬಿಡಿ! ಜೋರಾಗಿ!”

ಕುಡಿತ ಬಿಡಿಸುವ ಆ ಕೇಂದ್ರದ ಬಾಗಿಲಲ್ಲಿ ನರ್ಸಕ್ಕ ಯಾರನ್ನೂ ಸುಮ್ಮನೆ ಒಳಗೆ ಬಿಟ್ಟವಳಲ್ಲ. ಎದುರಿಗಿದ್ದವನು ಸಾಧು ಹಸುವಿನಂತೆ ಉಸಿರು ಬಿಟ್ಟ. ಅವನ ಚೀಲದಲ್ಲಿದ್ದ ಕೆಮ್ಮಿನ ಔಷಧಿ, ಅದರಲ್ಲೂ ಮದ್ಯದ ಅಂಶವಿದೆಯೆಂದು, ಅವಳ ಜೇಬು ಸೇರಿತು.

“ಎಷ್ಟು ವರ್ಷದಿಂದ ಕುಡೀತೀರಿ?”

“ನಾನು ಕುಡಿಯೋನಲ್ಲ ಮೇಡಂ... ಇಂಥ ಕೇಂದ್ರಗಳ ಸರ್ವೆ ಮಾಡೋನು.”

ಅಯ್ಯೋ! ಅವಳ ಮುಖ ಕೆಂಪಾಯಿತು. ಅವನು ನಕ್ಕ. ಆ ನಗು ಮಾತ್ರ ಅವಳ ಮನಸ್ಸಿನಿಂದ ಇಳಿಯಲೇ ಇಲ್ಲ...

ಮೂರು ವಾರ ಅವನು ಅಲ್ಲೇ ಇದ್ದ. ರೋಗಿಗಳ ಪಂಕ್ತಿಯಲ್ಲೇ ಕೂತು ಉಂಡ. ಒಂದು ದಿನ ಅಲ್ಲಿ ಕೆಲಸ ಮಾಡುವ ಹನ್ನೊಂದು ಜನಕ್ಕೂ ಪ್ರಶ್ನೆಪತ್ರಿಕೆ ಹಂಚಿದ. ಅದು ನಾಲ್ಕು ದೇಶ ಸುತ್ತಿ ಬಂದದ್ದು.

“ಹೊಸ ಚಿಕಿತ್ಸಾ ಪದ್ಧತಿ ಬಿತ್ತೋಕೆ ಮುಂಚೆ ನೆಲ ಹದವಾಗಿದೆಯಾ ಅಂತ ನೋಡ್ಬೇಕಲ್ಲ? ಹೆಸರು ಬೇಡ. ಈ ಕೇಂದ್ರ ಬದಲಾವಣೆಗೆ ಎಷ್ಟು ಸಿದ್ಧ ಅಂತ ಒಂದರಿಂದ ಐದರೊಳಗೆ ಅಂಕ ಕೊಡಿ.”

ಅವನು ಆಚೆ ಹೋದದ್ದೇ ತಡ, ಅಡುಗೆಯಮ್ಮನ ಅಪ್ಪಣೆಯಾಯಿತು. “ಎಲ್ರೂ ಐದೇ ಹಾಕ್ರಪ್ಪ! ಪಾಪ, ದೂರದಿಂದ ಬಂದಿದ್ದಾನೆ. ನಮ್ಮ ಡಾಕ್ಟರ ಮರ್ಯಾದೆನೂ ಉಳೀಬೇಕು.”

ನರ್ಸಕ್ಕನ ಪೆನ್ನು ನಿಂತಿತು. ಅವಳ ಸ್ವಂತ ಅಣ್ಣ ಇಲ್ಲಿ ಗುಣವಾಗಿ ಹೋಗಿದ್ದ. ಅವನೊಡನೆ ಹೇಗಿರಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯದೆ, ಮತ್ತೆ ಬಾಟಲಿ ಹಿಡಿದಿದ್ದ. ಚಿಕಿತ್ಸೆಗೆ ಮನೆಯವರನ್ನೂ ಕೂರಿಸಿ ಎಂದು ಎರಡು ವರ್ಷ ಅಂಗಲಾಚಿದರೂ ಡಾಕ್ಟರದ್ದು ಒಂದೇ ಮಾತು, “ನೋಡೋಣಮ್ಮ.”

ಅವಳು ಎಲ್ಲದಕ್ಕೂ ಒಂದೊಂದೇ ಅಂಕ ಹಾಕಿದಳು. ಕೆಳಗೆ ಬರೆದಳು: ‘ಮನೆಯವರನ್ನು ಹೊರಗಿಟ್ಟರೆ ಅರ್ಧ ಗುಣ ಅಷ್ಟೇ.’

ಮರುದಿನ ಅವನು, “ಹನ್ನೊಂದರಲ್ಲಿ ಒಂದು ಕಾಗದ ಬದಿಗಿಟ್ಟಿದ್ದೀನಿ” ಎಂದು ಎಲ್ಲರೆದುರು ಹೇಳಿ ಡಾಕ್ಟರ ಕೋಣೆ ಹೊಕ್ಕ.

ಇವನೂ ಅಷ್ಟೇನಾ! ಹೊರಬಂದವನನ್ನು ಅಡ್ಡಗಟ್ಟಿದಳು.

“ನಿಜ ಬರೆದಿದ್ದಕ್ಕೆ ನನ್ನ ಕಾಗದ ಕಸಕ್ಕೆ ಹಾಕಿದ್ರಾ?”

“ಒಂದು ದೇಶದಲ್ಲಿ ಬೈದು ಬರೀತಾರೆ, ಇನ್ನೊಂದ್ರಲ್ಲಿ ಹೆದರಿ ಬರೀತಾರೆ. ಇಲ್ಲಿ ಹತ್ತು ಜನ ಮರ್ಯಾದೆಗೆ ಬರೆದಿದ್ರು. ಹಾಗಾಗಿ ಉಳಿದ ಒಂದನ್ನ ಡಾಕ್ಟರಿಗೆ ಓದಿ ಹೇಳ್ದೆ. ಮುಖ ಗಂಟಿಕ್ಕಿದ್ರು. ಯಾರದು ಅಂತ ಮಾತ್ರ ಕೇಳಲಿಲ್ಲ. ಸೋಮವಾರದಿಂದ ಮನೆಯವರೂ ಕೂರ್ತಾರೆ.”

ಅಣ್ಣ... ಪಕ್ಕದಲ್ಲಿ ಅಮ್ಮ! ಅವಳ ಕಣ್ಣು ತುಂಬಿತು.

“ಅದು ನನ್ನದು ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಗೊತ್ತಿರಲಿಲ್ಲ. ಜಗಳಕ್ಕೆ ಬಂದ್ರಲ್ಲ, ಈಗ ಗೊತ್ತಾಯ್ತು!” ಆಮೇಲೆ ದನಿ ತಗ್ಗಿಸಿದ. “ನಿಮ್ಮದೇ ಆಗಿರ್ಲಿ ಅಂತ ಬೇಡ್ಕೊಂಡಿದ್ದೆ... ಇನ್ನೊಂದೇ ಪ್ರಶ್ನೆ. ನನ್ನ ಜೊತೆ ಬಾಳೋಕೆ ನಿಮ್ಮ ಮನಸ್ಸು... ಐದಕ್ಕೆ ಎಷ್ಟು?”

“ಮೂರು.”

“ಮೂರೇನಾ!”

“ಮರ್ಯಾದೆಗೆ ಐದು ಹಾಕೋಳಲ್ಲ ನಾನು.” ಮೊದಲ ದಿನ ಕಿತ್ತುಕೊಂಡಿದ್ದ ಕೆಮ್ಮಿನ ಔಷಧಿಯನ್ನು ಜೇಬಿನಿಂದ ತೆಗೆದು ಅವನ ಕೈಗಿಟ್ಟಳು. “ಮಿಕ್ಕ ಎರಡು ಅಮ್ಮನ ಕೈಲಿದೆ. ಭಾನುವಾರ ಮನೆಗೆ ಬನ್ನಿ. ಇದನ್ನ ಕುಡಿದು ಬರಬೇಡಿ ಮತ್ತೆ... ಅಮ್ಮನೂ ಬಾಗಿಲಲ್ಲೇ ಉಸಿರು ಬಿಡಿಸ್ತಾರೆ!”