ಅಜ್ಜನ ಕಟಿಂಗ್ ಯಾರು ಮಾಡುತ್ತಿದ್ದರು?

ನಿಪ್ಪಾಣಿ ಬಸ್ಸು ಬಂತು, ನಿಂತಿತು, ಹೊರಟೂ ಹೋಯಿತು. ಕಟಿಂಗ್ ಪೆಟ್ಟಿಗೆ ಹಿಡಿದವರು ಯಾರೂ ಇಳಿಯಲಿಲ್ಲ.

ದ್ರೌಪದಿ ಬೇಡಕಿಹಾಳದ ಬಸ್ ಸ್ಟಾಪಿನ ಕಲ್ಲಿನ ಮೇಲೆ ಮತ್ತೆ ಕುಳಿತಳು. ಅವಳ ಕಾಲು ಸೋತುಹೋಗಿದ್ದವು. ಭರಮು ಅಜ್ಜ ತೀರಿಕೊಂಡಾಗಿನಿಂದ ಮನೆ ತುಂಬ ಜನ. ಬಂದವರಿಗೆಲ್ಲ ಚಹಾ, ನೀರು ಕೊಡುವುದು ಅವಳದೇ ಕೆಲಸ. ಐದನೇ ಇಯತ್ತೆಯ ಪುಸ್ತಕಗಳು ಚೀಲ ಬಿಟ್ಟು ಹೊರಗೆ ಬಂದೇ ಇರಲಿಲ್ಲ.

ಇವತ್ತು ಅಜ್ಜನ ದಿನಕರ್ಮ. ಅಪ್ಪ ತಲೆ ಬೋಳಿಸಿಕೊಂಡ ಮೇಲೇ ಹೊಳೆದಂಡೆಗೆ ಹೋಗಿ ಅಜ್ಜನಿಗೆ ಎಡೆ ಇಡಬೇಕು. ಬಂದ ನೆಂಟರಲ್ಲಿ ಕಟಿಂಗ್ ಮಾಡುವವರಿಗೇನೂ ಕಡಿಮೆ ಇರಲಿಲ್ಲ. ಆದರೆ ಸೂತಕದ ಮನೆಯವರು ತಲೆ ಬೋಳಿಸುವ ವಸ್ತರಾ ಹಿಡಿಯಬಾರದು ಅಂತ ದೊಡ್ಡಜ್ಜ, ಅಂದರೆ ಅಜ್ಜನ ಅಣ್ಣ, ಹಟ ಹಿಡಿದಿದ್ದ. ನಿಪ್ಪಾಣಿಯಿಂದ ಒಬ್ಬರು ಬರುತ್ತೇನೆ ಅಂದಿದ್ದರು. ಬಿಸಿಲು ಏರಿದರೂ ಅವರ ಪತ್ತೆಯಿಲ್ಲ.

ಎದುರಿಗೆ ಬೇವಿನ ಮರದ ಕೆಳಗೆ ಅಜ್ಜನ ಕುರ್ಚಿ ಖಾಲಿ ಇತ್ತು. ಮಿಲಿಟರಿಯಲ್ಲಿ ಇಡೀ ಪಲ್ಟನ್ನಿನ ಕಟಿಂಗ್ ಮಾಡುತ್ತಿದ್ದ ಅಜ್ಜ, ರಿಟೈರ್ ಆಗಿ ಬಂದು ಅಲ್ಲೇ ಅಂಗಡಿ ಹಾಕಿದ್ದ. ಹುಡುಗರು "ಹೀರೋ ಕಟಿಂಗ್ ಮಾಡ್ರಿ ಅಜ್ಜಾರ" ಅಂದರೆ ಹೂಂ ಅನ್ನುತ್ತಿದ್ದ. ಮಾಡುತ್ತಿದ್ದುದು ಮಾತ್ರ ಮಿಲಿಟರಿ ಕಟಿಂಗೇ. ಊರಿನ ಹುಡುಗರ ಕಿವಿಗಳೆಲ್ಲ ಎದ್ದು ಕಾಣುತ್ತಿದ್ದುದು ಅದಕ್ಕೇ.

ಕುರ್ಚಿಯಲ್ಲಿ ಕೂತವರಿಗೆ ಅಜ್ಜ ಮೊದಲು "ಸಾವಧಾನ್" ಅನ್ನುತ್ತಿದ್ದ. ಸಣ್ಣವರಿರಲಿ, ಊರ ಗೌಡರೇ ಇರಲಿ, ಕುತ್ತಿಗೆ ನೆಟ್ಟಗಾಗಬೇಕು. ಕೆಲಸ ಮುಗಿಸಿ, ಕತ್ತು ಒರೆಸಿ, "ವಿಶ್ರಾಮ್" ಅಂದ ಮೇಲೇ ಏಳಬೇಕು. ಅವಸರ ಮಾಡಿದ ಹುಡುಗರಿಗೆ ಮೆಲ್ಲಗೆ ಒಂದು ಮೊಟಕು ಬೀಳುತ್ತಿತ್ತು.

ಉಗಾರದ ಕಡೆಯ ಬಸ್ಸು ಬಂತು. ಅದರಿಂದ ಬಾಬಾಸಾಹೇಬ ಅಜ್ಜ ಇಳಿದರು. ಅವರು ಕಬ್ಬಿನ ಹೊಲ, ಆಳುಕಾಳು ಇದ್ದ ದೊಡ್ಡ ಮನೆತನದವರು. ಭರಮು ಅಜ್ಜನ ಪಲ್ಟನ್ನಿನಲ್ಲೇ ಇದ್ದವರು. ತಿಂಗಳಿಗೊಮ್ಮೆ ಬೆಲ್ಲ ಹಿಡಿದುಕೊಂಡು ಬರುತ್ತಿದ್ದರು. ಇಬ್ಬರೂ ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಹಳ ಹೊತ್ತಾದ ಮೇಲೆ ಅಲ್ಲಿಂದ ಬಾಬಾಸಾಹೇಬರ ದನಿ ಕೇಳುತ್ತಿತ್ತು, "ವಿಶ್ರಾಮ್." ಮುದುಕರಿಬ್ಬರೂ ಮಿಲಿಟರಿ ಆಟ ಆಡುತ್ತಾರೆ ಅಂತ ದ್ರೌಪದಿ ನಗುತ್ತಿದ್ದಳು.

"ಯಾರ ಹಾದಿ ನೋಡಾಕತ್ತೀಯವ್ವಾ?" ಅಂತ ಅವರು ಕೇಳಿದರು.

"ಅಪ್ಪನ ತಲಿ ಮಾಡಾಕ ನಿಪ್ಪಾಣಿಯಿಂದ ಬರ್ತೀನಿ ಅಂದಿದ್ರರಿ. ಬರಲೇ ಇಲ್ಲ. ಲಗ್ನದ ಸೀಜನ್ ಐತಿ, ಎಲ್ಲೋ ಸಿಕ್ಕೊಂಡಾರ ಅಂತ ಅವ್ವ ಅಂದ್ಲು."

ಬಾಬಾಸಾಹೇಬರು ಸ್ವಲ್ಪ ಹೊತ್ತು ಆ ಖಾಲಿ ಕುರ್ಚಿಯನ್ನು ನೋಡಿದರು.

"ನಡಿ ಮನಿಗೆ. ಕಾದಿದ್ದು ಸಾಕು," ಅಂದರು.

ಅಂಗಳದಲ್ಲಿ ಅಪ್ಪ ಬೆಳಗಿನಿಂದ ಮಣೆಯ ಮೇಲೆ ಕೂತೇ ಇದ್ದ. ಅಪ್ಪನ ಹೆಸರು ತುಕಾರಾಮ, ಕೆಲಸ ಸಕ್ಕರೆ ಫ್ಯಾಕ್ಟರಿಯಲ್ಲಿ. ಅಜ್ಜ ಹೋದ ದಿನದಿಂದ ಅವನು ಸರಿಯಾಗಿ ಮಲಗಿರಲಿಲ್ಲ, ಅತ್ತೂ ಇರಲಿಲ್ಲ. ಕಣ್ಣು ಒಳಗೆ ಹೋಗಿದ್ದವು.

ಬಾಬಾಸಾಹೇಬರು ರುಮಾಲು ತೆಗೆದಿಟ್ಟು ತೋಳು ಮಡಚಿದರು. "ದ್ರೌಪದೀ, ನಿಮ್ಮಜ್ಜನ ಪೆಟ್ಟಿಗಿ ತಾರವ್ವಾ."

ದೊಡ್ಡಜ್ಜನಿಗೆ ಗಾಬರಿಯಾಯಿತು. "ಬ್ಯಾಡ್ರಿ ಸಾಹುಕಾರ್ರ. ನಿಮ್ಮಂಥಾವ್ರು ಈ ಕೆಲಸಕ್ಕ ಕೈ ಹಚ್ಚಿದ್ರ ನಿಮ್ಮ ಊರಾಗ ಮಂದಿ ಏನಂದಾರು?"

"ಅನ್ಲಿ," ಅಂದರು ಬಾಬಾಸಾಹೇಬರು. "ಭರಮೂ ಎಲ್ಲಾರ ತಲಿ ಮಾಡ್ತಿದ್ದ. ಅವನ ತಲಿ ಯಾರ ಮಾಡ್ತಿದ್ರು? ಯಾರರ ಕೇಳೀರೇನು?"

ಬಾಬಾಸಾಹೇಬರು ಅಪ್ಪನ ಮಣೆಯ ಹಿಂದೆ ಬಂದು ನಿಂತರು.

"ನಾನ ಮಾಡ್ತಿದ್ದೆ. ಬರ್ಫದಾಗ ಬೆಟ್ಟದ ಮ್ಯಾಲ ಇದ್ದಾಗ ಕೈ ಹಿಡದು ಕಲಿಸಿದಾಂವ ಅವನ. ರಿಟೈರ್ ಆದ ಮ್ಯಾಲೂ ನಾ ಬಿಡಲಿಲ್ಲ. ನಿನಗ ಮಂದಿ ನಗತಾರ, ಹಿತ್ತಲಾಗ ಮಾಡು ಅಂತಿದ್ದ. ಅವನ ಮಾತಿಗೆ ಬಾಗಲಾ ಹಾಕ್ಕೊಂತಿದ್ದೆ. ಇವತ್ತ ಬಾಗಲಾ ಬ್ಯಾಡ."

ದೊಡ್ಡಜ್ಜ ತಲೆ ತಗ್ಗಿಸಿ ಬದಿಗೆ ಸರಿದ.

ದ್ರೌಪದಿ ಒಳಗೆ ಹೋಗಿ ಗೂಡಿನಿಂದ ಪೆಟ್ಟಿಗೆ ಇಳಿಸಿದಳು. ಊರಿನ ತಲೆಗಳನ್ನೆಲ್ಲ ಅಜ್ಜ ಮಾಡುತ್ತಿದ್ದ. ಅಜ್ಜನ ತಲೆ ಯಾರು ಮಾಡುತ್ತಾರೆ ಅಂತ ಅವಳು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೆ ಅಜ್ಜ ಹೇಳುತ್ತಿದ್ದನೋ ಏನೋ. ಅವಳಿಗೆ ಬಹಳ ಬೇಜಾರಾಯಿತು.

ಬಾಬಾಸಾಹೇಬರು ಅಪ್ಪನ ತಲೆಗೆ ನೀರು ಹಚ್ಚಿ ನೆನೆಸಿದರು. ವಸ್ತರಾವನ್ನು ಚರ್ಮದ ಪಟ್ಟಿಗೆ ತಿಕ್ಕಿ ಹರಿತ ಮಾಡಿದರು. ಸ್ವಲ್ಪ ಮಾಡುವರು, ನಿಲ್ಲಿಸಿ ಉಸಿರು ತೆಗೆದುಕೊಳ್ಳುವರು, ಮತ್ತೆ ಮಾಡುವರು. ಕಿವಿಯ ಹಿಂದೆ ಒಂದು ಕಡೆ ತುಸು ಗಾಯವಾಯಿತು. ರಕ್ತ ನಿಲ್ಲಲು ಅಲ್ಲಿಗೆ ಪಟಕದ ಕಲ್ಲು ತಿಕ್ಕಿದರು. ಅಪ್ಪ ಮುಖ ಕೂಡ ಕಿವುಚಲಿಲ್ಲ.

ಕೊನೆಗೆ ಕತ್ತು ಒರೆಸಿ ಏನೋ ಹೇಳಲು ಬಾಯಿ ತೆರೆದರು. ದನಿ ಹೊರಡಲಿಲ್ಲ. ವಸ್ತರಾ ಕೆಳಗಿಟ್ಟು ಮುಖ ಆ ಕಡೆ ತಿರುಗಿಸಿಕೊಂಡರು.

"ಮುಗೀತಲ್ಲಪಾ, ಏಳು. ಹೊಳಿಗೆ ಹೊತ್ತಾತು," ಅಂದ ದೊಡ್ಡಜ್ಜ.

ಅಪ್ಪ ಏಳಲಿಲ್ಲ. ಅವ್ವ ಬಂದು ಕರೆದಳು. ಆಗಲೂ ಏಳಲಿಲ್ಲ. ಕುತ್ತಿಗೆ ನೆಟ್ಟಗೆ ಹಿಡಿದು, ಕೈ ಮೊಣಕಾಲ ಮೇಲಿಟ್ಟು ಹಾಗೇ ಕೂತಿದ್ದ. ಬೇವಿನ ಮರದ ಕೆಳಗೆ ಶಾಲೆಯ ಹುಡುಗರು ಕೂರುತ್ತಿದ್ದುದು ಹೀಗೇ.

ಅಪ್ಪನೂ ಒಂದು ಕಾಲಕ್ಕೆ ಆ ಕುರ್ಚಿಯಲ್ಲಿ ಕೂತ ಹುಡುಗನೇ ಅಲ್ಲವೇ? ಅಜ್ಜ ಊರಿಗೆ ಬಂದ ಮೇಲೆ ಇವತ್ತಿನವರೆಗೆ ಅವನ ತಲೆ ಅಜ್ಜನ ಕೈ ಬಿಟ್ಟು ಬೇರೆಯವರ ಕೈಗೆ ಹೋದದ್ದೇ ಇಲ್ಲ. ಅವನು ಏತಕ್ಕೆ ಕಾಯುತ್ತಿದ್ದಾನೆ ಅಂತ ದ್ರೌಪದಿಗೆ ಗೊತ್ತಾಯಿತು.

ಅವಳು ಹೋಗಿ ಅಪ್ಪನ ಎದುರು ನಿಂತಳು.

"ವಿಶ್ರಾಮ್, ಅಪ್ಪಾ," ಅಂದಳು ಮೆಲ್ಲಗೆ.

ಅಪ್ಪನ ಹೆಗಲು ಇಳಿದವು. ಮುಖ ಮುಚ್ಚಿಕೊಂಡು ಅಳತೊಡಗಿದ. ಬಾಬಾಸಾಹೇಬರೂ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಯಾರೋ ಚಹಾ ಕೇಳಿದರು. "ಸ್ವಲ್ಪ ತಡೀರಿ," ಅಂದಳು ಅವ್ವ. ದ್ರೌಪದಿ ಕಾಲು ಚಾಚಿ ಅಪ್ಪನ ಪಕ್ಕ ಕುಳಿತಳು.