ಹಿಂದಿನ ಸೀಟಿನ ಭಾರ

ಮಂಬೆಟ್‌ನ ಹೆಣ ಸಿಕ್ಕಿದ್ದು ಮಂಗಳವಾರ ಬೆಳಿಗ್ಗೆ, ಕಣಿವೆಯ ತಳದಲ್ಲಿ. ಮೇಲೆ ರಸ್ತೆಯ ಅಂಚಿನಲ್ಲಿ ಅವನ ದುಬಾರಿ ಕಪ್ಪು ಗಾಡಿ ನಿಂತಿತ್ತು. ಬಾಗಿಲು ಮುಚ್ಚಿತ್ತು, ಕೀ ಒಳಗೇ ಇತ್ತು. ಪೊಲೀಸರು ಕೀ ತಿರುಗಿಸಿದರು. ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. ಗಾಡಿಯ ಎತ್ತರ ಹಿಡಿದಿಡುವ ಸಸ್ಪೆನ್ಷನ್ ಕೆಟ್ಟಿದೆ ಎನ್ನುವ ದೀಪ.

ಅಂದೇ ಮಧ್ಯಾಹ್ನ ಕೊಲೆಯ ಅನುಮಾನದ ಮೇಲೆ ಅವನ ಡ್ರೈವರ್ ಗೆನ್ನಾದಿಯನ್ನು ಎಳೆದೊಯ್ದರು. ಗೆನ್ನಾದಿ ಅರವತ್ತೆಂಟರ ರಷ್ಯನ್ ಮುದುಕ, ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನು. ನಮ್ಮ ಕರಾಕೊಲ್ ಊರಿನಲ್ಲಿ ಗಾಡಿ ಬಿಚ್ಚುವ ಹೆಂಗಸು ನಾನೊಬ್ಬಳೇ ಇದ್ದರೆ ಅದು ಅವನ ಪುಣ್ಯ. ಸೋಮವಾರ ತಾನು ಜ್ವರ ಬಂದು ಮಲಗಿದ್ದಾಗಿಯೂ, ಗಾಡಿಯನ್ನು ಮಂಬೆಟ್ ತಾನೇ ಓಡಿಸಿಕೊಂಡು ಹೋದನೆಂದೂ ಗೆನ್ನಾದಿ ಹೇಳಿದನಂತೆ. ಒಂಟಿ ಮುದುಕನ ಜ್ವರಕ್ಕೆ ಸಾಕ್ಷಿ ಎಲ್ಲಿಂದ ತರುವುದು?

*

ಶುಕ್ರವಾರ ಆ ಗಾಡಿಯನ್ನು ನನ್ನ ಶೆಡ್ಡಿಗೆ ಎಳೆದು ತಂದರು. ಜೊತೆಗೆ ಮೇಜರ್ ಎರ್ಮೆಕ್ ಮತ್ತು ಮಂಬೆಟ್‌ನ ಹೆಂಡತಿ ಬುರುಲ್ ಬಂದರು.

"ಠಾಣೆ ಅಂಗಳದಲ್ಲಿ ಇಟ್ಕೊಳ್ಳೋಕೆ ನಮ್ಮ ಹುಡುಗ್ರು ಒಪ್ತಿಲ್ಲ, ಜಿಪಾರಕ್ಕ," ಎಂದ ಎರ್ಮೆಕ್.

"ಯಾಕೆ, ಕಚ್ಚುತ್ತಾ?"

"ನಗಬೇಡ. ಉಸಿರು ಬಿಡುತ್ತೆ."

ಅಷ್ಟರಲ್ಲಿ ಬಿಟ್ಟೇ ಬಿಟ್ಟಿತು. ಸಣ್ಣಗೆ, ಉದ್ದಕ್ಕೆ. ನಾವು ನೋಡುತ್ತಿದ್ದಂತೆಯೇ ಹಿಂದಿನ ಬಲ ಮೂಲೆ ಮೆಲ್ಲನೆ ಇಳಿಯಿತು. ಯಾರೋ ಬಾಗಿಲು ತೆಗೆಯದೆ ಒಳಗೆ ಹೋಗಿ ಕೂತ ಹಾಗೆ. ಸುಳ್ಳೇಕೆ ಹೇಳಲಿ, ನನ್ನ ಮೈಯೂ ಜುಮ್ಮೆಂದಿತು.

"ಅವ್ರು ಕೂರ್ತಿದ್ದದ್ದು ಅಲ್ಲೇ," ಎಂದಳು ಬುರುಲ್. "ದಿನಾ ಒಂದೊಂದು ಬೆರಳು ಇಳೀತಿದೆ. ಹೇಳೋದಿದ್ರೆ ಹೇಳ್ಲಿ. ಹೀಗೆ ಸುಮ್ನೆ ಕೂತ್ರೆ ನಾನೇನ್ ಮಾಡ್ಲಿ?"

"ಗೆನ್ನಾದಿಯನ್ನ ನಾಳೆ ದೊಡ್ಡ ಜೈಲಿಗೆ ಕಳಿಸ್ತೀವಿ," ಎರ್ಮೆಕ್ ನನ್ನ ಮುಖ ನೋಡದೆ ಹೇಳಿದ. "ಗಾಡಿ ಏನಾದ್ರೂ ಹೇಳಿದ್ರೆ ಸಂಜೆಯೊಳಗೆ ಹೇಳ್ಬೇಕು."

*

ದೆವ್ವವಿರಲಿ ದೇವರಿರಲಿ, ಮೊದಲು ಚಕ್ರ ಬಿಚ್ಚು ಎನ್ನುತ್ತಿದ್ದ ಗೆನ್ನಾದಿ. ಬಿಚ್ಚಿದೆ.

ಈ ಗಾಡಿಗೆ ಕಬ್ಬಿಣದ ಸ್ಪ್ರಿಂಗ್ ಇಲ್ಲ. ನಾಲ್ಕು ಮೂಲೆಗೂ ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ಸೋಪಿನ ನೀರು ಚಿಮುಕಿಸಿದೆ. ಬಲ ಹಿಂದಿನ ಚೀಲದ ಮಡಿಕೆಯಲ್ಲಿ ಗುಳ್ಳೆ ಎದ್ದಿತು. ಹಳೇ ಬಿರುಕು. ಚಳಿಗೆ ಬಾಯಿ ಬಿಟ್ಟು ಉಸಿರು ಹಾಕುತ್ತಿತ್ತು. ದೆವ್ವದ ಕಥೆ ಅಲ್ಲಿಗೆ ಮುಗಿಯಿತು.

ಆಮೇಲೆ ಕಂಪ್ಯೂಟರ್ ಜೋಡಿಸಿದೆ. ಸೋರುವ ಚೀಲಕ್ಕೆ ಗಾಳಿ ತುಂಬಿ ತುಂಬಿ ಪಂಪು ಬಿಸಿಯಾಗಿ ಸುಟ್ಟುಹೋಗಿದೆ ಎಂದಿತು. ಅದಕ್ಕೇ ದೀಪ. ಸುಟ್ಟಾಗ ಗಾಡಿ ಓಡಿದ್ದು ೮೪,೩೧೬ ಕಿಲೋಮೀಟರ್. ಪೊಲೀಸರ ಕಾಗದ ತೆಗೆದು ನೋಡಿದೆ. ಗಾಡಿ ಸಿಕ್ಕಾಗಲೂ ೮೪,೩೧೬. ಅಂದರೆ ಪಂಪು ಸತ್ತದ್ದು ಮಂಬೆಟ್ ಸತ್ತ ಜಾಗದಲ್ಲೇ. ಆಮೇಲೆ ಒಂದು ಗುಟುಕು ಗಾಳಿಯೂ ಒಳಗೆ ಹೋಗಿಲ್ಲ.

ಈ ಪಂಪು ಗಾಳಿ ಎಳೆಯುವುದು ಡಿಕ್ಕಿಯೊಳಗಿಂದ. ಅದರ ಸೋಸುವ ಬಟ್ಟೆ ಕಿತ್ತೆ. ಕಪ್ಪು ಮಸಿ. ಮೂಗಿಗೆ ಹಿಡಿದೆ.

ಆರ್ಚಾ ಸೊಪ್ಪಿನ ಹೊಗೆ.

ನಮ್ಮಲ್ಲಿ ಸಾವಿನ ನೆರಳು ಅಂಟದಿರಲಿ ಎಂದು ಸುಡುವುದು ಅದನ್ನೇ. ಸ್ಪ್ಯಾನರ್ ಕೆಳಗಿಟ್ಟು ಬುರುಲ್‌ಗೆ ಫೋನ್ ಮಾಡಿದೆ.

"ಗಾಡಿಗೆ ಯಾವತ್ತಾದ್ರೂ ಆರ್ಚಾ ಹಾಕಿದ್ರಾ?"

"ಹುಚ್ಚಾ ನಿಂಗೆ? ಅವ್ರಿಗೆ ಉಬ್ಬಸ ಇತ್ತು. ಮದುವೆ ಮನೇಲಿ ಹೊಗೆ ಹಾಕಿದ್ರೂ ಎದ್ದು ಆಚೆ ಹೋಗೋರು."

ಹಾಗಾದರೆ ಹೊಗೆ ಎದ್ದದ್ದು ಅವನು ಬಿದ್ದ ಮೇಲೆ, ಹೆಣ ಸಿಗುವ ಮೊದಲು.

"ಬುರುಲ್, ಕಾಲಿಸ್‌ನ ಕರ್ಕೊಂಡು ಬಾ. ಗಾಡಿ ರೆಡಿ ಅನ್ನು."

ಕಾಲಿಸ್ ಮಂಬೆಟ್‌ನ ತಮ್ಮ. ಅವನ ಕುದುರೆ ಮೇಯುವುದು ಆ ಕಣಿವೆಯ ಮೇಲಿನ ಹುಲ್ಲುಗಾವಲಿನಲ್ಲಿ. ತಂದೆಯ ಸಮಾಧಿ ಇರುವ ಆ ನೆಲವನ್ನು ಮಂಬೆಟ್ ಹೋಟೆಲಿಗೆ ಕೊಡಹೊರಟಿದ್ದು ಊರಿಗೆಲ್ಲ ಗೊತ್ತು.

*

ಅಂದು ಶುಕ್ರವಾರವಲ್ಲವೇ, ಬುರುಲ್ ಸತ್ತವನ ಹೆಸರಲ್ಲಿ ಕರಿದ ಏಳು ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಕಾಲಿಸ್ ಶೆಡ್ಡಿನ ಬಾಗಿಲಲ್ಲೇ ನಿಂತ. ನಾನು ಕರೆಸಿದ್ದ ಎರ್ಮೆಕ್ ಅವನ ಹಿಂದೆ ನಿಂತ.

"ಒಳಗೆ ಬಾ ತಮ್ಮ. ಗಾಡಿ ಹತ್ರ ಬಾ," ಎಂದೆ.

"ಇಲ್ಲಿಂದ್ಲೇ ಕಾಣುತ್ತೆ. ನಾನು ಆ ಗಾಡಿ ಮುಟ್ಟಿದವನೇ ಅಲ್ಲ."

"ಸೋಮವಾರದ ಗಾಳಿ ಇನ್ನೂ ಇದರ ಹೊಟ್ಟೇಲಿದೆ," ಎಂದೆ. "ನಿಮ್ಮಣ್ಣ ಬಿದ್ದ ಹೊತ್ತಿನ ಗಾಳಿ. ಬಿಡ್ಲಾ?"

ಪಂಪು ಎಳೆದ ಗಾಳಿಯನ್ನು ಕೂಡಿಡುವ ತೊಟ್ಟಿಯ ತಿರುಪು ಸಡಿಲಿಸಿದೆ. ಗಾಡಿ ಉಸ್ಸೆಂದು ಉಸಿರುಗರೆಯಿತು. ಎಲ್ಲೂ ಬೆಂಕಿಯಿಲ್ಲ, ಬೂದಿಯಿಲ್ಲ. ಶೆಡ್ಡಿನ ತುಂಬ ಆರ್ಚಾ ವಾಸನೆ ಹರಡಿತು.

ಬುರುಲ್ ಕೈಯಿಂದ ರೊಟ್ಟಿ ಜಾರಿತು. ಕಾಲಿಸ್ ಗೋಡೆಗೆ ಒರಗಿದ.

"ಆಗಲ್ಲ, ಇದು ಆಗಲ್ಲ," ಎಂದು ಕೂಗಿದ. "ನಾಲ್ಕೂ ಕಿಟಕಿ ತೆಗ್ದಿದ್ದೆ! ಹೊಗೆ ಎಲ್ಲಾ ಹೋಗೋ ತನಕ ಕಾದಿದ್ದೆ!"

ಎರ್ಮೆಕ್ ಅವನ ಭುಜದ ಮೇಲೆ ಕೈಯಿಟ್ಟ.

"ತಳ್ಬೇಕು ಅಂತ ತಳ್ಳಿದ್ದಲ್ಲ," ಕಾಲಿಸ್ ಕುಸಿದು ಕೂತ. "ಅಪ್ಪನ ಸಮಾಧಿ ಎತ್ತಿಸ್ತೀನಿ ಅಂದ. ಕಾಲರ್ ಹಿಡಿದೆ. ಬಿದ್ದ. ಆಮೇಲೆ ಗಾಡಿಯ ಹಿಂಭಾಗ ತಾನಾಗೇ ಗುರ್ ಅಂತ ಎದ್ದು ನಿಂತಿತು. ಅಣ್ಣ ವಾಪಸ್ ಬಂದ ಅಂದ್ಕೊಂಡೆ. ಕುದುರೆ ಜೀನಿನ ಚೀಲದೊಳಗೆ ಆರ್ಚಾ ಇತ್ತು. ಡಿಕ್ಕಿಯಿಂದ ಶುರು ಮಾಡಿ ಹೊಗೆ ಹಾಕಿ, ಕಿಟಕಿ ಮುಚ್ಚಿ, ಕುದುರೆ ಹತ್ತಿದೆ."

ಎದ್ದು ನಿಂತದ್ದು ಸೋರುವ ಚೀಲಕ್ಕೆ ಗಾಳಿ ತುಂಬುತ್ತಿದ್ದ ಬಡಪಾಯಿ ಪಂಪು. ಅಣ್ಣನನ್ನು ಓಡಿಸಲು ಅವನು ಹಾಕಿದ ಹೊಗೆಯನ್ನು ಅದು ಕುಡಿದು, ಬಚ್ಚಿಟ್ಟುಕೊಂಡು ಸತ್ತಿತ್ತು. ತಪ್ಪಿತಸ್ಥನಿಗೆ ಹೆದರಿಕೆ ಇಲ್ಲದಿದ್ದರೆ ಗೆನ್ನಾದಿ ಜೈಲಿನಲ್ಲೇ ಸಾಯುತ್ತಿದ್ದ.

*

ಮರುದಿನ ಗೆನ್ನಾದಿ ಬಂದ. ಬಡಕಲಾಗಿದ್ದ. ನಾನು ಅತ್ತುಬಿಟ್ಟೆ. ಅವನು ಬಿರುಕು ಬಿಟ್ಟ ಚೀಲ ತಡವಿ, "ಇದನ್ನ ಕಂಡುಹಿಡಿಯೋಕೆ ಅರ್ಧ ದಿನ ತಗೊಂಡ್ಯಾ?" ಎಂದು ಬೈದ.

ಬುರುಲ್ ಹಿಂದಿನ ಬಾಗಿಲ ಬಳಿ ನಿಂತಿದ್ದಳು.

"ಹೊಸ ಚೀಲ ಹಾಕಿದ್ರೆ ಇನ್ನು ಕೆಳಗಿಳಿಯಲ್ವಾ?"

"ಇಳಿಯಲ್ಲ."

"ಪಂಪೊಂದು ಸರಿ ಮಾಡು, ಸಾಕು. ಚೀಲ ಹಾಗೇ ಇರ್ಲಿ. ಅವ್ರ ನಲವತ್ತನೇ ದಿನದ ಕಾರ್ಯ ಆಗೋ ತನಕ."

"ಪಂಪು ಮತ್ತೆ ಸುಡುತ್ತೆ, ಬುರುಲ್. ದೀಪ ಉರೀತಾನೇ ಇರುತ್ತೆ."

"ಉರೀಲಿ," ಎಂದಳು.