ಉಡಿ ತುಂಬಿಸಿಕೊಂಡ ಗಾಡಿ

“ಅಯ್ಯ... ಬಿಸಿ ಐತಿ!”

ಎಂಜಿನ್ ಮೇಲಿಟ್ಟ ಅಂಗೈಯನ್ನು ಸುರೇಖಾ ಸರಕ್ಕನೆ ಹಿಂತೆಗೆದಳು. ಎದುರಿಗೆ ನಿಂತಿದ್ದವನ ಮುಖ ಎಂಜಿನ್‌ಗಿಂತ ಬಿಸಿಯಾಗಿ ಕೆಂಪೇರಿತು.

ಊರು ಬ್ಯಾಡಗಿ. ಮೆಣಸಿನಕಾಯಿ ಅಂಗಡಿಯ ಚೀಲಗಳ ನಡುವೆ ಮದುಮಗಳ ಹಾಗೆ ನಿಂತಿತ್ತು ಹಳೇ ಮೋಟರ್‌ಸೈಕಲ್ಲು. ಮಾರುವವನು ಅಂಗಡಿಯ ವಿಜಯಮಹಾಂತೇಶ. ಕೊಳ್ಳಲು ಹಾವೇರಿಯಿಂದ ಬಂದವಳು ಗುತ್ತಲದ ದನದ ದವಾಖಾನೆಯ ಹೊಸ ಇನ್‌ಸ್ಪೆಕ್ಟರ್ ಸುರೇಖಾ. ಜೊತೆಗೆ ಸೋದರಮಾವ ಶಂಭುಲಿಂಗ.

ಅವಳು ಸುತ್ತಬೇಕಾದ ಗಳಗನಾಥದಂಥ ಹಳ್ಳಿಗಳ ಎಮ್ಮೆಗಳು ಬಸ್ಸಿನ ಟೈಮು ನೋಡಿಕೊಂಡು ಜಡ್ಡು ಬೀಳುವುದಿಲ್ಲವಲ್ಲ! ಸಣ್ಣ ಗಾಲಿಯ ಸ್ಕೂಟರ್ ಆ ಎರೆಮಣ್ಣಿನಲ್ಲಿ ಹೂತು ಕೂರುತ್ತದೆ. ಅದಕ್ಕೇ ಈ ಗಾಡಿ.

ಆದರೆ ಈ ಜಾತಿಯ ಗಾಡಿಗಳಿಗೆ ಒಂದು ಹುಟ್ಟುರೋಗವಿತ್ತು. ಹಾವೇರಿಯ ಮೆಕ್ಯಾನಿಕ್ ಅಲ್ಲಾಬಕ್ಷ ಚಾಚಾ ಅದನ್ನು ಬಾಯಲ್ಲೇ ನುಡಿಸಿ ತೋರಿಸಿದ್ದರು.

“ಒಳಗಿನ ಟೈಮಿಂಗ್ ಚೈನು ಸಡ್ಲ ಆಗಿರತೈತಿ ಬೇಟಿ. ತಣ್ಣಗಿದ್ದಾಗ ಕಿಕ್ ಹೊಡದ್ರ ಕಟಾ-ಕಟಾ-ಕಟಾ! ಬಿಸಿ ಆತಂದ್ರ ಗಪ್‌ಚುಪ್. ಮಾರಾವ್ರು ಮೊದ್ಲ ಓಡಿಸಿ ಬಿಸಿ ಮಾಡಿ ಇಟ್ಟಿರ್ತಾರ. ಕೈ ಇಟ್ಟ ನೋಡು.”

ಕೈ ಇಟ್ಟಿದ್ದಳು. ನೋಡಿದ್ದಳು.

“ನಾವು ಬರೂದ್ರಾಗ ಯಾಕ ಬಿಸಿ ಮಾಡಿಟ್ಟೀರಿ?”

“ಅದು... ಅಂದ್ರ... ನಮ್ಮ ಅಜ್ಜಿ...”

ವಿಜಯಮಹಾಂತೇಶನ ನಾಲಿಗೆ ಮೊದಲ ಕಿಕ್ಕಿಗೇ ಚಾಲೂ ಆಗುವಂಥದ್ದಲ್ಲ. ಹೆಣ್ಣುಮಕ್ಕಳ ಎದುರಿಗಂತೂ ತಳ್ಳಿದರೂ ಇಲ್ಲ!

ಅಷ್ಟರಲ್ಲಿ ಮಾವ ಉತ್ಸಾಹದಿಂದ ಕಿಕ್ ಹೊಡೆದೇಬಿಟ್ಟ. ಸೈಲೆನ್ಸರಿನ ಬಾಯಿ ಇದ್ದದ್ದು ಮೆಣಸಿನಕಾಯಿ ರಾಶಿಯ ಕಡೆಗೆ!

ಭುಸ್ಸೆಂದು ಕೆಂಪು ಧೂಳು ಎದ್ದಿತು. ಮಾವ ಸೀನಿದ. ಹಮಾಲರು ಸೀನಿದರು. ಹೊರಗೆ ಚಕ್ಕಡಿಗೆ ಕಟ್ಟಿದ್ದ ಎತ್ತು ಕೂಡ ಹಿಂದೆ ಬೀಳಲಿಲ್ಲ.

“ನಾ ಹೇಳೂದು ಏನಂದ್ರರೀ...” ವಿಜಯಮಹಾಂತೇಶ ಬಾಯಿ ತೆಗೆದ, “ಈ ಗಾಡಿಗೆ ಒಂದು... ಹಾ... ಹಾ... ಹಾಕ್ಷೀ!”

ಈ ಗಲಾಟೆಯಲ್ಲಿ ಎಂಜಿನ್ ಕಟಕಟ ಅಂದಿತೋ, ಭಜನೆ ಮಾಡಿತೋ ಯಾರಿಗೆ ಕೇಳಬೇಕು?

ಕಣ್ಣೊರೆಸಿಕೊಂಡ ಸುರೇಖಾಗೆ ಕಂಡದ್ದು ಟ್ಯಾಂಕಿನ ತುಂಬ ಅರಿಶಿಣ, ಕುಂಕುಮ, ಅಂಟಿಕೊಂಡ ಅಕ್ಕಿಕಾಳು.

“ಅರಿಶಿಣ ಬಳದು ಗೀರು ಮುಚ್ಚೀರಿ. ಖಾರ ಹಾರ್ಸಿ ಸಪ್ಪಳ ಮುಚ್ಚೀರಿ. ಭಾರೀ ಶಾಣ್ಯಾ ಅದೀರಿ! ನಡಿ ಮಾವಾ!”

ಅವಳು ಮೆಟ್ಟಿಲಿಳಿಯುವಾಗ ಅವನು ಓಡಿ ಬಂದ. ಒಂದು ಕೈಯಲ್ಲಿ ತಂಬಿಗೆ ನೀರು, ಇನ್ನೊಂದರಲ್ಲಿ ಬೆಲ್ಲದ ಹೆಂಟೆ. “ಕಣ್ಣ ತೊಳ್ಕೋರಿ... ಉರಿ...” ಬೆಲ್ಲ ಅವಳ ಕೈಗೆ ಬಂತು, ಮುಂದಿನ ಮಾತು ಮತ್ತೆ ಸೀನಿನ ಪಾಲಾಯಿತು.

ಬಸ್ಸಿನಲ್ಲಿ ಸುರೇಖಾ ಕಿಟಕಿಗೆ ತಲೆಯಾನಿಸಿದಳು. ಹೋದ ವರ್ಷ ರಾಣೆಬೆನ್ನೂರಿನ ಹುಡುಗನೊಂದಿಗೆ ಅವಳ ನಿಶ್ಚಯವಾಗಿತ್ತು. ಇಸ್ತ್ರಿ ಅಂಗಿ, ದೊಡ್ಡ ನೌಕರಿ, ಸಿಹಿ ಮಾತು. ಅಂಗಿ ಬಾಡಿಗೆಯದು, ನೌಕರಿ ಬರೀ ಬಾಯಿಯದು ಎಂದು ಗೊತ್ತಾದಾಗ ಕಾರ್ಡು ಅಚ್ಚಾಗಿತ್ತು!

‘ಅವನೂ ಬಿಸಿ ಮಾಡಿಟ್ಟ ಎಂಜಿನ್ನೇ... ಇನ್ನೊಮ್ಮೆ ಮೋಸ ಹೋದರೆ ಈ ಜನ್ಮದಲ್ಲಿ ಯಾರನ್ನೂ ನಂಬಲಾರೆ.’

ಮುಷ್ಟಿ ಬಿಚ್ಚಿದಳು. ಬೆಲ್ಲ ಕರಗಿ ಅಂಗೈಗೆ ಅಂಟಿತ್ತು.

‘ಮೋಸ ಮಾಡುವವನು ಬೆಲ್ಲ ಯಾಕೆ ಕೊಟ್ಟ?’

ಭಾನುವಾರ ಮುಂಜಾನೆ ಹಾವೇರಿಯ ಅವರ ಓಣಿಯಲ್ಲಿ ನಗೆಯೋ ನಗೆ. ಸುರೇಖಾ ಬಾಗಿಲಿಗೆ ಬಂದು ನೋಡಿದಳು.

ಅದೇ ಗಾಡಿ! ಅದರ ಮೇಲೆ ಎರಡೂ ಕಾಲು ಒಂದೇ ಬದಿಗೆ ಇಳಿಬಿಟ್ಟು ಕೂತು, ಅಂಬಾರಿಯ ಮೇಲಿದ್ದಂತೆ ಓಣಿಗೆಲ್ಲ ಕೈಬೀಸುತ್ತಿರುವ ಒಬ್ಬ ಮುದುಕಿ. ಹಿಂದೆ ಬೆವರಿನಲ್ಲಿ ಮಿಂದು ತಳ್ಳುತ್ತಿರುವ ವಿಜಯಮಹಾಂತೇಶ.

“ಮಾರ್ಕೆಟ್ ತನಕ ಟೆಂಪೋದಾಗ ತಂದ್ನಿ... ಅಲ್ಲಿಂದ ನಿಮ್ಮ ಓಣಿ ಕೇಳ್ಕೋಂತ, ತಳ್ಕೋಂತ ಬಂದ್ನಿ. ಚಾಲೂ ಮಾಡಿಲ್ರಿ. ಕೈ ಇಟ್ಟ ನೋಡ್ರಿ. ಗಾಡಿ ತಣ್ಣಗ ಐತಿ, ನಾನಽ ಬಿಸಿ ಆಗೇನಿ!”

ಸುರೇಖಾ ತುಟಿ ಕಚ್ಚಿ ನಗು ತಡೆದಳು.

“ಏ ತಂಗಿ,” ಗದಿಗೆವ್ವಜ್ಜಿ ಗಾಡಿಯಿಂದ ಇಳಿಯುತ್ತಲೇ ಶುರು ಮಾಡಿದಳು, “ನನ್ನ ಮೊಮ್ಮಗನ್ನ ಶಾಣ್ಯಾ ಅಂದಿಯಂತ? ಅಷ್ಟ ಶಾಣ್ಯಾತನ ಇದ್ದಿದ್ರ ನನಗ್ಯಾಕ ಚಿಂತಿ ಇರ್ತಿತ್ತು! ಮನಿಮಗಳನ್ನ ಉಡಿ ತುಂಬದ ಕಳಸ್ತಾರೇನವಾ? ಈ ಗಾಡಿ ಇಷ್ಟ ವರ್ಷ ನಮಗ ದುಡದೈತಿ. ಅರಿಶಿಣ-ಕುಂಕುಮ ಹಚ್ಚಿ, ಅಕ್ಕಿ, ಕಾಯಿ, ಕುಬಸದ ಖಣ ಇಟ್ಟು ನಾನಽ ಉಡಿ ತುಂಬಿದೆ. ಇವನ್ನ ಬೈದು ಬಸವಣ್ಣನ ಗುಡಿಗೆ ಸುತ್ತ ಹಾಕ್ಸಿದೆ. ಅದಕ್ಕ ಬಿಸಿ ಆಗಿತ್ತು!”

ಸುರೇಖಾ ಟ್ಯಾಂಕಿನ ಅರಿಶಿಣ ನೋಡಿದಳು. ಗೀರು ಮುಚ್ಚಿದ್ದಾರೆ ಅಂದಿದ್ದಳಲ್ಲ... ಅದು ಮುದುಕಿಯ ಹಾರೈಕೆಯಾಗಿತ್ತು!

ಅವಳು ಮುಂದೆ ಬಂದು ಎಂಜಿನ್ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ತಾನೇ ಕಿಕ್ ಹೊಡೆದಳು.

ಕಟಾ-ಕಟಾ-ಕಟಾ-ಕಟಾ!

ಥೇಟ್ ಅಲ್ಲಾಬಕ್ಷ ಚಾಚಾನ ಬಾಯಿ!

“ರೋಗ ಐತಲ್ಲೋ ಮಾರಾಯ!” ಮಾವ ಕೂಗಿದ.

“ಐತ್ರಿ,” ವಿಜಯಮಹಾಂತೇಶ ತಲೆ ತಗ್ಗಿಸಿದ. “ಅವತ್ತು ಅದನ್ನಽ ಹೇಳಾಕ ಬಾಯಿ ತಗದ್ನಿ... ಸೀನು ಬಂತು. ಚೈನು ಬದ್ಲಿ ಮಾಡ್ಸಿ ಕೊಡ್ತೇನ್ರಿ. ತಗೊಳ್ರಿ, ಬಿಡ್ರಿ. ಆದ್ರ ಇವರು ಒಮ್ಮೆ ಕಿವಿಯಾರೆ ಕೇಳಬೇಕಿತ್ತು. ನನ್ನ ಸುಳ್ಳುಗಾರ ಅಂದ್ಕೊಂಡು ಹೋದ್ರಲ್ಲ... ನಿದ್ದಿ ಬರವಲ್ದು.”

ತನ್ನ ಮಾಲಿನ ಕೊರತೆಯನ್ನು ಊರ ಮುಂದೆ ತಳ್ಳಿಕೊಂಡು ಬಂದು ತೋರಿಸುವ ಗಂಡಸು! ಸುರೇಖಾಳ ಕಣ್ಣು ತುಂಬಿದವು. ಈ ಸಲ ಮೆಣಸಿನಕಾಯಿಯ ನೆಪವೂ ಇರಲಿಲ್ಲ.

“ಗಾಡಿ ನಾ ತಗೊಳ್ತೇನ್ರಿ,” ಅಂದಳು ಮೆಲ್ಲಗೆ.

“ಹಂಗಾರ ನಮ್ಮನಿ ಮಗಳು ನಿಮ್ಮನಿಗೆ ಬಂದಂಗಾತು,” ಅಜ್ಜಿ ಕಟ್ಟೆಯ ಮೇಲೆ ಕಾಲು ಚಾಚಿದಳು. “ಇನ್ನ ನಿಮ್ಮನಿ ಮಗಳು ನಮ್ಮನಿಗೆ ಬರೂದು ಯಾವಾಗ? ಏ ಶಂಭುಲಿಂಗಪ್ಪ, ಚಾ ಮಾಡ್ಸಪ್ಪ, ಒಳಗ ಕುಂತು ಮಾತಾಡೂಣು. ಚೀಲದಾಗ ಇನ್ನೊಂದು ಕಾಯಿ ತಂದೇನಿ.”

ಅಜ್ಜಿ, ಮಾವ ಇಬ್ಬರೂ ಒಳಗೆ ನಡೆದರು. ಕಟ್ಟೆಯ ಬಳಿ ಉಳಿದವರು ಅವನು, ಅವಳು, ನಡುವೆ ಗಾಡಿ.

“ನಿಮಗ ಏನಾರ ಡಿಫೆಕ್ಟ್ ಐತೇನ್ರಿ?” ಸುರೇಖಾ ಹುಬ್ಬೇರಿಸಿದಳು. “ಈಗಽ ಹೇಳಿಬಿಡ್ರಿ.”

“ಈ ಗಾಡೀದಽ ರೋಗ್ರಿ. ಚಾಲೂ ಆಗೂಮುಂದ ಬಾಳ ಕಟಕಟ ಅಂತೇನಿ... ಆಮ್ಯಾಲ ಎಷ್ಟ ದೂರಾದ್ರೂ ಸುಮ್ಮನ ಬರ್ತೇನಿ.”

ಅವಳು ಸೆರಗಿನಿಂದ ಅವನ ಹಣೆಯ ಬೆವರು ಒರೆಸಹೋಗಿ, ನಾಚಿ, ಟ್ಯಾಂಕ್ ಒರೆಸಿದಳು.

“ಗಾಡಿ ಚೈನು ಅಲ್ಲಾಬಕ್ಷ ಚಾಚಾ ಬಿಗಿ ಮಾಡ್ತಾರ.”

“ನಂದು?”

“ನಿಮ್ಮದು ಹಂಗಽ ಇರ್ಲಿ. ಕಟಕಟ ಅಂದ್ರನಽ ನನಗ ಖರೇ ಅನಸ್ತೈತಿ.”